ಎಕ್ಸ್‌ಎಂಎಲ್ ಬರೆಯುವಾಗ ಫ್ಲಷ್: ಬಿಲ್ಲಿಗೊಂದೋ, ಕೊನೆಗೊಂದೋ?

ಪುಣೆಯ ಹಿಂಜೆವಾಡಿಯಲ್ಲಿ ನನ್ನದು ಜಾವಾ ಕೆಲಸ. ದಿನದ ಬಿಲ್ಲುಗಳನ್ನು ಎಕ್ಸ್‌ಎಂಎಲ್ (ಮಾಹಿತಿಯನ್ನು ಟ್ಯಾಗುಗಳ ನಡುವೆ ಇಡುವ ರೂಪ) ಫೈಲಿಗೆ ಬರೆಯುವ ಪ್ರೋಗ್ರಾಂ ನನ್ನ ಪಾಲಿಗೆ ಬಂತು. 120 ಬಿಲ್ ಹಾಕಿ ನೋಡಿದೆ. ಎರರ್ ಏನೂ ಇಲ್ಲ. ಆದರೆ ಕೊನೆಯ ಐದು ಬಿಲ್ ನಾಪತ್ತೆ, ಅದರ ಹಿಂದಿನದು ಅರ್ಧಕ್ಕೇ ತುಂಡು.

ಫೈಲ್ ಸೈಜ್ 57,344 ಬೈಟ್. ಅಂದರೆ ಸರಿಯಾಗಿ ಏಳು ಸಲ 8,192! ಜಾವಾದ ಬಫರ್ಡ್‌ರೈಟರ್ ಬರೆದದ್ದನ್ನು ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಕೂಡಿಟ್ಟು, ತುಂಬಿದಾಗ ಮುಂದಕ್ಕೆ ಕಳಿಸುತ್ತದೆ. ಅದು ಒಂದು ಸಲಕ್ಕೆ ಹಿಡಿಯುವುದು 8,192 ಅಕ್ಷರ. ನಮ್ಮದು ಬರೀ ಇಂಗ್ಲಿಷ್, ಹಾಗಾಗಿ ಅಕ್ಷರಕ್ಕೊಂದು ಬೈಟ್. ಎಂಟನೇ ಸಲ ಬಫರ್ ತುಂಬಲಿಲ್ಲ, ಅದರಲ್ಲಿದ್ದದ್ದು ಹಾಗೇ ಹೋಯಿತು.

ಪಕ್ಕದ ಸೀಟಿನ ಕಲಬುರಗಿ ಗೆಳೆಯರು ಇಣುಕಿ ನೋಡಿ, "ಫೈಲ್ ಮುಚ್ಚೀರೇನ್ರೀ?" ಅಂದರು. ಟ್ಯಾಗುಗಳನ್ನು ಬರೆದುಕೊಡುವ ಎಕ್ಸ್‌ಎಂಎಲ್‌ಸ್ಟ್ರೀಮ್‌ರೈಟರ್‌ಗೆ ಕ್ಲೋಸ್ ಹೇಳಿದ್ದೆನಲ್ಲ! ಆದರೆ ಅದು ತನ್ನ ಕೆಳಗಿನ ಸ್ಟ್ರೀಮನ್ನು, ಅಂದರೆ ಇಲ್ಲಿ ಬಫರ್ಡ್‌ರೈಟರನ್ನು, ಮುಚ್ಚುವುದಿಲ್ಲ. ಮುಚ್ಚಬಾರದು ಅಂತಲೇ ಅದರ ನಿಯಮ.

ಮೊದಲು ಸಿಟ್ಟಿನಲ್ಲಿ ಪ್ರತಿ ಬಿಲ್ಲಿಗೂ ಒಂದು ಫ್ಲಷ್ ಹಾಕಿದೆ, ಅಂದರೆ ಬಫರಿನಲ್ಲಿ ಇದ್ದಷ್ಟನ್ನು ಆಗಲೇ ಕಳಿಸು ಅನ್ನುವ ಆಜ್ಞೆ. ಏನೂ ಕಳೆಯಲಿಲ್ಲ. ಆದರೆ ನಿಜವಾದ ದಿನದಲ್ಲಿ 40,000 ಬಿಲ್, ಸುಮಾರು 20 ಎಂಬಿ. ಬಫರ್ ತುಂಬಿದಾಗ ಮಾತ್ರ ಕಳಿಸಿದರೆ 2,400 ಚಿಲ್ಲರೆ ಸಲ ಸಾಕು, ಇಲ್ಲಿ 40,000 ಸಲ. ಸಂತೆಗೆ ಹೋದವರು ಒಂದೊಂದು ಬದನೆಕಾಯಿ ಕೊಂಡಾಗಲೂ ಮನೆಗೆ ಓಡಿ ಬಂದ ಹಾಗೆ. ನಿಧಾನವಾದರೂ ಸೇಫ್ ಅಂದುಕೊಂಡೆ. ಒಮ್ಮೆ ಬೇಕಂತಲೇ ಪ್ರೋಗ್ರಾಮನ್ನು ನಡುವೆ ಕೊಂದು ನೋಡಿದೆ. ಬಿಲ್ಲುಗಳೆಲ್ಲ ಫೈಲಿನಲ್ಲಿವೆ, ಆದರೆ ಎಲ್ಲವನ್ನೂ ಸುತ್ತುವರಿಯುವ ರೂಟ್ ಟ್ಯಾಗನ್ನು ಮುಚ್ಚುವ ಕೊನೆಯ ಟ್ಯಾಗ್ ಇಲ್ಲ. ಎಕ್ಸ್‌ಎಂಎಲ್ ಓದುವ ಪ್ರೋಗ್ರಾಂ, ಅಂದರೆ ಪಾರ್ಸರ್, ಅದನ್ನು ಓದಲು ಒಪ್ಪಲೇ ಇಲ್ಲ. ಇಷ್ಟೆಲ್ಲ ಓಡಾಡಿ ಬಂದ ಲಾಭ ಏನು, ಅಲ್ವಾ?

ನೂರು ಬಿಲ್ಲಿಗೊಂದು ಫ್ಲಷ್ ಕೂಡ ಮಾಡಿದೆ. ವೇಗ ಬಂತು, ರೂಟ್ ಟ್ಯಾಗಿನ ಗೋಳು ಅದೇ. ಲಾಗ್ ಫೈಲಿಗೆ ಇದು ಚೆನ್ನ, ಎಕ್ಸ್‌ಎಂಎಲ್‌ಗೆ ಸುಮ್ನೆ ದಂಡ.

ನಾನು ಇಟ್ಟುಕೊಂಡದ್ದು ಕೊನೆಗೊಂದೇ ಫ್ಲಷ್. ಮೊದಲು ರೈಟ್‌ಎಂಡ್‌ಡಾಕ್ಯುಮೆಂಟ್, ಅದು ತೆರೆದ ಟ್ಯಾಗುಗಳನ್ನೆಲ್ಲ ಮುಚ್ಚುತ್ತದೆ. ಆಮೇಲೆ ಫ್ಲಷ್. ಕೆಳಗಿನ ಬಫರ್ಡ್‌ರೈಟರ್ ಟ್ರೈ-ವಿತ್-ರಿಸೋರ್ಸಸ್‌ನಲ್ಲಿ (ಕೆಲಸ ಮುಗಿದೊಡನೆ ಮುಚ್ಚಿಬಿಡುವ ಜಾವಾದ ವ್ಯವಸ್ಥೆ) ಇರುವುದರಿಂದ ತಾನೇ ಮುಚ್ಚಿಕೊಳ್ಳುತ್ತದೆ. ಎಕ್ಸ್‌ಎಂಎಲ್‌ಸ್ಟ್ರೀಮ್‌ರೈಟರನ್ನೇ ಅಲ್ಲಿ ಇಡಲು ಹೋದರೆ ಕಂಪೈಲ್ ಆಗುವುದಿಲ್ಲ, ಅದು ಆಟೋಕ್ಲೋಸಬಲ್ (ಹಾಗೆ ತಾನೇ ಮುಚ್ಚಿಸಿಕೊಳ್ಳಬಲ್ಲ ಬಗೆ) ಅಲ್ಲ.

ಕರೆಂಟ್ ಹೋದರೆ? ಫ್ಲಷ್ ಆದದ್ದು ಆಪರೇಟಿಂಗ್ ಸಿಸ್ಟಮ್‌ವರೆಗೆ ಮಾತ್ರ ತಲುಪಿರುತ್ತದೆ. ಡಿಸ್ಕಿಗೆ ಇಳಿಸಲು ಫೈಲ್‌ಚಾನೆಲ್‌ನ ಫೋರ್ಸ್ ಅನ್ನುವ ಆಜ್ಞೆ ಬೇಕು. ನಮಗೆ ಅಷ್ಟು ಬೇಕಾಗಿಲ್ಲ, ಬಿಲ್ಲುಗಳು ಡೇಟಾಬೇಸಿನಲ್ಲಿ ಇದ್ದೇ ಇವೆ. ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿ ಮುಚ್ಚಿದ ಮೇಲೆ ಹೆಸರು ಬದಲಿಸುತ್ತೇವೆ. ನಡುವೆ ಕೆಟ್ಟರೆ ಅರ್ಧ ಫೈಲ್ ಅಳಿಸಿ ಮತ್ತೆ ಓಡಿಸುವುದು.