ಚಿಕ್ಕಮ್ಮನ ಮನೆಗೆ ಹೊರಟವಳ ಬ್ಯಾಗಿಗೆ ಕ್ಯಾನ್ವಾಸ್ ಬ್ಯಾಲೆ ಶೂ

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಸಂಜೆ ಕ್ಲಾಸು ಮುಗಿಸಿ ದಿನಾ ವಾಪಸ್ ಬರುವುದು ಶಾಲೆಗೆ ಹೋಗುವ ಹುಡುಗಿಗೆ ಆಗುವ ಮಾತಲ್ಲ. ಬ್ಯಾಲೆ ಎಂಬ ಪಾಶ್ಚಾತ್ಯ ನೃತ್ಯ ಕಲಿಯಲೇಬೇಕು ಎಂದವಳು ಅಲ್ಲಿ ಚಿಕ್ಕಮ್ಮನದೋ ಸೋದರಮಾವನದೋ ಮನೆ ಸೇರುತ್ತಾಳೆ. ನೆಂಟರ ಮನೆಯಲ್ಲಿ ಇವಳ ಶೂ ಹಿಡಿದು ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ. ಒಗೆಯುವುದು, ಹೊಲಿಯುವುದು ಎಲ್ಲ ಅವಳ ಕೈಯಲ್ಲೇ ಆಗಬೇಕು. ಅದಕ್ಕೇ ಚರ್ಮದ್ದಕ್ಕಿಂತ ಕ್ಯಾನ್ವಾಸ್ ಶೂ ಮೇಲು. ಹೆಬ್ಬೆರಳಿನ ಹತ್ತಿರ ಬೇಗ ತೂತು ಬೀಳುವುದು ಇದರ ಒಂದೇ ದೊಡ್ಡ ಕೊರತೆ.

ಪೂರ್ತಿ ಸೋಲ್ ಇರುವುದು ಮತ್ತು ಮುಂಗಾಲು, ಹಿಮ್ಮಡಿಗೆ ಮಾತ್ರ ಎರಡು ತುಂಡು ಸೋಲ್ ಇರುವುದು, ಹೀಗೆ ಎರಡು ಬಗೆ. ಹೊಸಬರಿಗೆ ಪೂರ್ತಿ ಸೋಲ್ ಒಳ್ಳೆಯದು: ಬಗ್ಗಿಸಲು ಪಾದ ಹೆಚ್ಚು ದುಡಿಯಬೇಕಾಗುವುದರಿಂದ ಅಂಗಾಲಿನ ಸ್ನಾಯು ಗಟ್ಟಿಯಾಗುತ್ತದೆ. ಬಣ್ಣ ಮತ್ತು ಬಗೆಯನ್ನು ಮೊದಲು ಟೀಚರ್ ಹತ್ತಿರ ಕೇಳಿಬಿಡಿ.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಆನ್‌ಲೈನ್‌ನಲ್ಲಿ ತರಿಸುವಾಗ ಚಪ್ಪಲಿ ನಂಬರ್ ಹಾಕಬೇಡಿ. ಸಂಜೆ ಹೊತ್ತು ಹಾಳೆಯ ಮೇಲೆ ನಿಲ್ಲಿಸಿ, ಪಾದದ ಉದ್ದ ಅಗಲ ಎರಡನ್ನೂ ಸೆಂಟಿಮೀಟರ್‌ನಲ್ಲಿ ಅಳೆದು ಕಂಪನಿಯ ಪಟ್ಟಿಗೆ ಹೋಲಿಸಿ. ಬರಿಗಾಲಲ್ಲಿ ಭರತನಾಟ್ಯ ಮಾಡಿ ಬೆಳೆದ ಮಕ್ಕಳ ಮುಂಗಾಲು ಅಗಲ ಇರಬಹುದು. ಆಗ ಅಗಲದ ಅಳತೆಯೇ ಮುಖ್ಯ. ಶೂ ಕಾಲುಚೀಲದಂತೆ ಬಿಗಿಯಾಗಿ ಕೂರಬೇಕು, ಬೆರಳು ಮಡಚಿಕೊಳ್ಳಬಾರದು. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದು ತಂದರೆ ಬಟ್ಟೆ ಸುಕ್ಕಾಗಿ, ತಿರುಗುವಾಗ ಕಾಲು ಜಾರುತ್ತದೆ.

ಇಲಾಸ್ಟಿಕ್ ಹೊಲಿಯದೇ ಬಂದರೆ ಮ್ಯಾಚಿಂಗ್ ಸೆಂಟರಿನಲ್ಲಿ ಮುಕ್ಕಾಲು ಇಂಚು ಅಗಲದ್ದು ಒಂದು ಮೀಟರ್ ತಂದರೆ ಒಂದು ಜೊತೆ ಶೂಗೆ ಸಾಕು. ಹಿಮ್ಮಡಿಯ ಭಾಗವನ್ನು ಒಳಕ್ಕೆ ಮಡಚಿ. ಮಡಿಕೆ ಬೀಳುವ ಮೂಲೆಯೇ ಇಲಾಸ್ಟಿಕ್‌ನ ಜಾಗ. ಪಾದದ ಮೇಲೆ ಅಡ್ಡಡ್ಡ ದಾಟಿಸಿ ಗುಂಡುಪಿನ್ ಚುಚ್ಚಿ, ಹಾಕಿ ನೋಡಿದ ಮೇಲೆಯೇ ಹೊಲಿಯಿರಿ. ಅಂಚಿನೊಳಗೆ ಓಡುವ ದಾರಕ್ಕೆ ಸೂಜಿ ತಾಗಿದರೆ ಆಮೇಲೆ ಎಳೆದರೂ ಶೂ ಬಿಗಿಯಾಗುವುದಿಲ್ಲ. ಆ ದಾರ ಎಳೆದು ಗಂಟು ಹಾಕಿ, ಒಂದಿಂಚು ಬಿಟ್ಟು ಕತ್ತರಿಸಿ ಒಳಗೆ ಸಿಕ್ಕಿಸಿ. ಹಲವು ಶೂಗಳಲ್ಲಿ ಎಡ ಬಲ ಇರುವುದಿಲ್ಲ; ಹೊಲಿದ ಮೇಲೆ ಒಳಗೆ ಗುರುತು ಹಾಕಿಕೊಳ್ಳಿ. ಹೊರಡುವ ಮುಂಚೆ ಹುಡುಗಿಯ ಕೈಯಲ್ಲೇ ಒಂದು ಜೊತೆ ಹೊಲಿಸಿ.

ಶೂ ಒಗೆಯಲು ತಣ್ಣೀರು, ಸ್ವಲ್ಪ ಸೋಪು, ಕೈ ಒಗೆತ; ಒಣಗಿಸಲು ನೆರಳು. ಬೀದಿಗೆ ಹಾಕಿಕೊಂಡು ಹೋದರೆ ಸೋಲಿಗೆ ಕೊಳೆ ಕೂತು ನುಣುಪಾಗಿ ಜಾರುತ್ತದೆ.

ಮನೆಯ ಟೈಲ್ಸ್, ಗ್ರಾನೈಟ್ ಮೇಲೆ ಈ ಶೂ ಹಾಕಿಕೊಂಡು ಜಿಗಿಯಕೂಡದು. ನೆಲ ಬಗ್ಗುವುದಿಲ್ಲ, ಇಷ್ಟು ತೆಳ್ಳಗಿನ ಸೋಲ್ ಏಟು ತಡೆಯುವುದಿಲ್ಲ, ನೋವು ಮುಂಗಾಲ ಮೂಳೆಗೆ ಬರುತ್ತದೆ. ಭಾರದ ಕುರ್ಚಿ ಹಿಡಿದು ಪ್ಲಿಯೆ (ಮಂಡಿ ಬಗ್ಗಿಸುವುದು), ಟಾಂಡ್ಯು (ನೆಲಕ್ಕೆ ತಾಗಿಸಿಕೊಂಡೇ ಪಾದ ಚಾಚುವುದು) ಮಾಡಿದರೆ ಸಾಕು.

ಜೊತೆಗೆ ಆಸೆಯಿಂದ ಗುಲಾಬಿ ಸ್ಯಾಟಿನ್ನಿನ ಪಾಯಿಂಟ್ ಶೂ (ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯುವಾಗ ಹಾಕುವಂಥದ್ದು) ಕೊಡಿಸಬೇಡಿ. ವರ್ಷಗಟ್ಟಲೆ ಕಲಿತು, ಪಾದ ಗಟ್ಟಿಯಾಗಿ, ಟೀಚರ್ ಹೂಂ ಎಂದ ಮೇಲೆ ಕಾಲಿಗೆ ಹಾಕಿ ನೋಡಿಯೇ ಕೊಳ್ಳುವ ವಸ್ತು ಅದು. ಆ ದುಡ್ಡಿಗೆ ಇದೇ ಕ್ಯಾನ್ವಾಸಿನ ಇನ್ನೊಂದು ಜೊತೆ ಇಟ್ಟು ಕಳಿಸಿ. ಒಂದು ಒಣಗುವಾಗ ಇನ್ನೊಂದು ಬೇಕಾಗುತ್ತದೆ.