ವ್ಯಾನಿನ ಫ್ರಿಜ್: ಕಟ್ಟಿದ್ದು, ಕೊಂಡದ್ದು, ಪೆಲ್ಟಿಯರ್

ಮೊದಲೇ ಹೇಳಿಬಿಡುತ್ತೇನೆ: ಟೆಂಪೋ ಟ್ರಾವೆಲರನ್ನು ಕ್ಯಾಂಪರ್ ಮಾಡಿಕೊಂಡು ಒಂದೇ ಜಾಗದಲ್ಲಿ ಮೂರ್ನಾಲ್ಕು ದಿನ ಬೀಡು ಬಿಡುವವರಿಗೆ, ಬಿಡಿಯಾಗಿ ಸಿಗುವ ಕಂಪ್ರೆಸರ್ ಕಿಟ್ ತಂದು ಫ್ರಿಜ್ಜಿನ ಮೇಲ್ಮುಚ್ಚಳದ ಪೆಟ್ಟಿಗೆ ತಾವೇ ಕಟ್ಟಿಕೊಳ್ಳುವುದು ಒಳ್ಳೆಯದು. ದುಡ್ಡೇನೂ ಉಳಿಯುವುದಿಲ್ಲ, ಬ್ಯಾಟರಿ ಉಳಿಯುತ್ತದೆ.

ಪೆಲ್ಟಿಯರ್ ಪೆಟ್ಟಿಗೆ, ಅಂದರೆ ಕಂಪ್ರೆಸರ್ ಇಲ್ಲದೆ, ಕರೆಂಟು ಹರಿದಾಗ ಒಂದು ಬದಿ ತಣ್ಣಗಾಗುವ ಪ್ಲೇಟಿನಿಂದ ತಂಪಾಗುವ ಪೆಟ್ಟಿಗೆ, ಅಗ್ಗ. ಆದರೆ ಅದರಲ್ಲಿರುವ 12706 ಮಾದರಿಯ ಪ್ಲೇಟು 4ರಿಂದ 5 ಆಂಪ್ ಎಳೆಯುತ್ತಾ ಇಡೀ ದಿನ ಓಡಿದರೂ ಹೊರಗಿನ ಬಿಸಿಗಿಂತ ಇಪ್ಪತ್ತು ಡಿಗ್ರಿ ಇಳಿಸಿದರೆ ದೊಡ್ಡದು. ಏಪ್ರಿಲ್‌ನ ಕಲಬುರಗಿಯಲ್ಲಿ ಅದರೊಳಗೆ ಹಾಲಿಟ್ಟರೆ ಒಡೆಯುತ್ತದೆ. ಆಫ್ ಮಾಡಿದ ಕ್ಷಣದಿಂದ ಅದೇ ಪ್ಲೇಟಿನ ಮೂಲಕ ಬಿಸಿ ವಾಪಸ್ ಒಳಗೆ ಹರಿಯುತ್ತದೆ. ಮನೆಯ ಸಣ್ಣ ಫ್ರಿಜ್ಜನ್ನು ಇನ್ವರ್ಟರಿಗೆ ಹಾಕುವವರೂ ಇದ್ದಾರೆ. ಕಂಪ್ರೆಸರ್ ಸುಮ್ಮನಿದ್ದಾಗಲೂ ಇನ್ವರ್ಟರ್ ಬ್ಯಾಟರಿಯನ್ನು ತಿನ್ನುತ್ತಲೇ ಇರುತ್ತದೆ.

ಹಾಗಾಗಿ ನಿಜವಾದ ಪೈಪೋಟಿ ಇರುವುದು ರೆಡಿಮೇಡ್ 12 ವೋಲ್ಟ್ ಕಂಪ್ರೆಸರ್ ಪೆಟ್ಟಿಗೆಗೂ ಸ್ವಂತದ್ದಕ್ಕೂ. ಎರಡೂ 60 ಲೀಟರ್, ಒಳಗೆ 5 ಡಿಗ್ರಿ, ಹೊರಗೆ 35 ಅಂದುಕೊಳ್ಳಿ. ರೆಡಿಮೇಡಿನದು ಸುಮಾರು 40 ಮಿ.ಮೀ. ಗೋಡೆ, ಒಳಗೆ ಕಾರ್ಖಾನೆಯಲ್ಲಿ ತುಂಬಿದ ಪಿಯು (ಪಾಲಿಯುರೆಥೇನ್) ಫೋಮ್. ಅದರಿಂದ ನುಸುಳುವ ಬಿಸಿ ಲೆಕ್ಕಕ್ಕೆ 19 ವ್ಯಾಟ್. ಎಕ್ಸ್‌ಪಿಎಸ್ (ಬಿಸಿ ತಡೆಯುವ ಗಟ್ಟಿ ಪಾಲಿಸ್ಟೈರೀನ್ ಫೋಮ್) ಶೀಟಿನಲ್ಲಿ 75 ಮಿ.ಮೀ. ಗೋಡೆ ಕಟ್ಟಿದರೆ 17. ಇಷ್ಟಕ್ಕೆ ಅಷ್ಟೆಲ್ಲ ಒದ್ದಾಟ ಯಾಕೆ? 100 ಮಿ.ಮೀ.ಗೆ ಹೋದರೆ 14ಕ್ಕೆ ಇಳಿಯುತ್ತದೆ, ದಿನಕ್ಕೆ ಆರೇಳು ಆಂಪ್-ಅವರ್ ಉಳಿತಾಯ. 100 ಆಂಪ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಬಳಸಬಹುದಾದದ್ದು ಅರ್ಧ ಮಾತ್ರ ಅಂತ ನೆನಪಿಟ್ಟುಕೊಂಡರೆ ಇದರ ಬೆಲೆ ಗೊತ್ತಾಗುತ್ತದೆ. ಅಷ್ಟು ದಪ್ಪದ ಗೋಡೆಗೆ ಜಾಗ ಎಲ್ಲಿ ಅಂದರೆ, ವೀಲ್ ಆರ್ಚಿನ (ಚಕ್ರಕ್ಕಾಗಿ ಒಳಗೆ ಉಬ್ಬಿದ ಭಾಗ) ಮೇಲೆ ಮೆಟ್ಟಿಲು ಆಕಾರದಲ್ಲಿ ಕಟ್ಟಬಹುದು. ರೆಡಿಮೇಡ್ ಅಲ್ಲಿ ಕೂರುವುದೇ ಇಲ್ಲ.

25 ಮಿ.ಮೀ. ಶೀಟುಗಳನ್ನು ನಾಲ್ಕು ಪದರ ಹಾಕಿ, ಒಂದರ ಜಾಯಿಂಟಿನ ಮೇಲೆ ಇನ್ನೊಂದರ ಜಾಯಿಂಟ್ ಬರದ ಹಾಗೆ. ಬಡಗಿಗಳು ಸನ್‌ಮೈಕಾ ಅಂಟಿಸುವ ರಬ್ಬರ್ ಅಂಟು ಬೇಡವೇ ಬೇಡ. ಅದರ ಸಾಲ್ವೆಂಟಿಗೆ ಎಕ್ಸ್‌ಪಿಎಸ್ ಕರಗಿ ಒಳಗೊಳಗೇ ಪೊಳ್ಳಾಗುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಪಿಯು ಅಂಟು ಬಳಸಿ. ಅಲ್ಯೂಮಿನಿಯಂ ಟೇಪು ಹೊರಮೈಗೆ, ಅಂದರೆ ಬಿಸಿ ಇರುವ ಕಡೆಗೆ. ಮಂಗಳೂರು, ಕಾರವಾರದ ಕಡೆ ಓಡಾಡುವವರು ಇದನ್ನು ಮಾಡದಿದ್ದರೆ ಗಾಳಿಯ ತೇವ ಜಾಯಿಂಟಿಗೆ ಇಳಿದು ನೀರಾಗಿ ಕೂರುತ್ತದೆ. ಡ್ರೈನ್ ಪೈಪಿಗೆ ಒಂದು ಯು ಬೆಂಡ್ ಕೊಡಿ. ಇಲ್ಲದಿದ್ದರೆ ಕಷ್ಟಪಟ್ಟು ಮಾಡಿದ ತಂಪು ಆ ತೂತಿನಿಂದಲೇ ಇಳಿದು ಹೋಗುತ್ತದೆ.

ಇನ್ನು ತಲೆ ತಿನ್ನುವ ವಿಷಯ. ಇಂಥ ಕಿಟ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಬಿಡಿ35ಎಫ್ ಕಂಪ್ರೆಸರ್, ಮೊದಲು ಡ್ಯಾನ್‌ಫಾಸ್ ಹೆಸರಿನಲ್ಲಿ, ಈಗ ಸೆಕಾಪ್ ಹೆಸರಿನಲ್ಲಿ. ಅದರ ಕಂಟ್ರೋಲ್ ಯೂನಿಟ್ 10.4 ವೋಲ್ಟಿಗೆ ಕಟ್ ಆಗುತ್ತದೆ, 11.7ಕ್ಕೆ ಮತ್ತೆ ಜೋಡಿಸಿಕೊಳ್ಳುತ್ತದೆ. ಆ ವೋಲ್ಟೇಜನ್ನು ಅದು ಅಳೆಯುವುದು ತನ್ನ ಟರ್ಮಿನಲ್ಲಿನಲ್ಲಿ. ಬ್ಯಾಟರಿಯಲ್ಲಿ ಎಷ್ಟಿದೆ ಎಂಬುದು ಅದಕ್ಕೆ ಬೇಕಿಲ್ಲ.

ಬ್ಯಾಟರಿ ಡ್ರೈವರ್ ಸೀಟಿನ ಕೆಳಗೆ, ಫ್ರಿಜ್ ಹಿಂದಿನ ಬಾಗಿಲ ಹತ್ತಿರ ಇದ್ದರೆ ವೈರಿನ ದಾರಿ 7 ಮೀಟರ್. ಎಲೆಕ್ಟ್ರಿಷಿಯನ್ 2.5 ಸ್ಕ್ವೇರ್ ಎಂಎಂ ಎಳೆದಿರುತ್ತಾನೆ. ಹೋಗಿ ಬರುವ 14 ಮೀಟರಿಗೆ 0.1 ಓಮ್. ಸ್ಟಾರ್ಟ್ ಆಗುವಾಗ 10 ಆಂಪ್ ಎಳೆದರೆ ಒಂದು ವೋಲ್ಟ್ ದಾರಿಯಲ್ಲೇ ಖಾಲಿ. ಜೊತೆಗೊಂದು ಸಡಿಲ ಕ್ರಿಂಪ್ (ವೈರಿನ ತುದಿಗೆ ಒತ್ತಿ ಕೂರಿಸುವ ಜೋಡಣೆ) ಇದ್ದರೆ ಮುಗಿಯಿತು. ಟಕ್, ಗುರ್ರ್, ಮೌನ. ಲೋಡ್ ಹೋದ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಟಕ್. ರಾತ್ರಿಯಿಡೀ ಇದೇ ಆಟ. ಬೆಳಗ್ಗೆ ಮೆಕ್ಯಾನಿಕ್ ಬರುವಷ್ಟರಲ್ಲಿ ಸೋಲಾರ್ ಪ್ಯಾನೆಲ್ ಬ್ಯಾಟರಿಯ ವೋಲ್ಟೇಜ್ ಏರಿಸಿರುತ್ತದೆ, ಫ್ರಿಜ್ ಸಾಧುವಿನ ಹಾಗೆ ಓಡುತ್ತಿರುತ್ತದೆ. "ಗ್ಯಾಸ್ ಕಮ್ಮಿ ಇದೆ ಸರ್" ಅನ್ನುತ್ತಾನೆ. ಗ್ಯಾಸ್ ಮುಟ್ಟಲು ಬಿಡಬೇಡಿ.

ಯೂನಿಟ್ಟಿನ ಪ್ಲಸ್ ಮತ್ತು ಡಿ ಟರ್ಮಿನಲ್‌ಗಳ ನಡುವೆ ಒಂದು ಎಲ್‌ಇಡಿ ಹಾಕಿಡಿ. ಒಂದು ಸಲ ಮಿನುಗಿದರೆ ವೋಲ್ಟೇಜ್, ಎರಡು ಸಲ ಫ್ಯಾನ್, ಮೂರಾದರೆ ಮೋಟಾರ್ ಸ್ಟಾರ್ಟ್ ಆಗುತ್ತಿಲ್ಲ, ಐದಾದರೆ ಯೂನಿಟ್ಟೇ ಕಾದಿದೆ. ಒಂದು ಮಿನುಗು ಕಂಡರೆ ಮಲ್ಟಿಮೀಟರನ್ನು ಯೂನಿಟ್ಟಿನ ಟರ್ಮಿನಲ್ಲಿಗೇ ಹಿಡಿದು ಸ್ಟಾರ್ಟ್ ಆಗುವ ಆ ಒಂದು ಕ್ಷಣ ನೋಡಿ. ಕಂಪನಿಯ ಲೆಕ್ಕದಲ್ಲೇ 12 ವೋಲ್ಟಿಗೆ 2.5 ಸ್ಕ್ವೇರ್ ವೈರು 2.5 ಮೀಟರಿಗೆ ಸಾಕು, 6 ಸ್ಕ್ವೇರ್ 6 ಮೀಟರಿಗೆ. 7 ಮೀಟರಿಗೆ 10 ಸ್ಕ್ವೇರ್ ಎಳೆಯಿರಿ. 15 ಆಂಪ್ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ, ಅದೇ ವೈರಿಗೆ ನೀರಿನ ಪಂಪ್ ಸೇರಿಸಬೇಡಿ. ರೆಡಿಮೇಡಿಗೂ ಇದೇ ಕಾಯಿಲೆ: ಸಿಗರೇಟ್ ಲೈಟರ್ ಸಾಕೆಟ್ಟಿನ ಸ್ಪ್ರಿಂಗ್ ಸಂಪರ್ಕದಲ್ಲಿ ವೋಲ್ಟೇಜ್ ಸೋರುತ್ತದೆ. ಆ ಪ್ಲಗ್ ಕತ್ತರಿಸಿ ನೇರ ವೈರ್ ಕೊಟ್ಟರೆ ಅರ್ಧ ದೂರು ಮಾಯ.

ಸದ್ದು? ಎರಡೂ ಒಂದೇ.

ಶನಿವಾರ ಹೊರಟು ಭಾನುವಾರ ವಾಪಸ್ಸಾಗುವವರು, ಬಾಡಿಗೆ ವ್ಯಾನಿನವರು, ಫ್ರಿಜ್ಜನ್ನು ಇಳಿಸಿ ಮನೆಗೂ ಒಯ್ಯುವವರು ರೆಡಿಮೇಡೇ ತೆಗೆದುಕೊಳ್ಳಿ. ಓಡುವ ಎಂಜಿನ್ ಬ್ಯಾಟರಿ ತುಂಬುತ್ತಿದ್ದರೆ ಗೋಡೆಯ ದಪ್ಪ ಯಾರಿಗೆ ಬೇಕು. ಕಟ್ಟುವವರು ಗ್ಯಾಸ್ ತುಂಬಿಯೇ ಬರುವ, ಕ್ವಿಕ್ ಕಪ್ಲಿಂಗ್ (ಗ್ಯಾಸ್ ಸೋರದೆ ಪೈಪು ತಿರುಗಿಸಿ ಜೋಡಿಸುವ ತುದಿ) ಇರುವ ಕಿಟ್ಟನ್ನೇ ಆರಿಸಿ. ಕಂಪ್ರೆಸರಿನ ವೇಗ ನಿರ್ಧಾರವಾಗುವುದು ಥರ್ಮೋಸ್ಟಾಟ್ ಸರ್ಕ್ಯೂಟಿನ ರೆಸಿಸ್ಟರಿನಿಂದ; ಅದಿಲ್ಲದೆ 2000 ಆರ್‌ಪಿಎಂನಲ್ಲೇ ಶುರು ಮಾಡಿ. ಮಧ್ಯಾಹ್ನದ ಬಿಸಿಲಿಗೆ ಕಂಪ್ರೆಸರ್ ನಿಲ್ಲದೆ ಓಡುತ್ತಿದ್ದರೆ ಮಾತ್ರ 277 ಓಮ್ ಸೇರಿಸಿ 2500ಕ್ಕೆ ಏರಿಸಿ.