ಎಡಿನ್‌ಬರಾದಿಂದ ಒಂದೇ ದಿನದ ಲಾಕ್ ನೆಸ್ ಟೂರ್: ವಯಸ್ಸಾದವ್ರನ್ನ ಚಳಿಗಾಲದಲ್ಲಿ ಕರ್ಕೊಂಡು ಹೋಗ್ಬೇಡಿ

ಊರಿಂದ ಅಪ್ಪ ಅಮ್ಮ ಬಂದಾಗ ಸ್ಕಾಟ್ಲೆಂಡ್ ತೋರಿಸ್ಬೇಕು ಅಂತ ಇಲ್ಲಿ ಬ್ರಿಟನ್ನಿನಲ್ಲಿರೋ ನಮ್ಮವರೆಲ್ಲರಿಗೂ ಆಸೆ ಇರುತ್ತೆ. ಆದ್ರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಬಂದಿದ್ರೆ ಈ ಗ್ಲೆನ್‌ಕೋ ಕಣಿವೆ, ಲಾಕ್ ನೆಸ್ ಸರೋವರ ಎಲ್ಲ ಒಂದೇ ದಿನಕ್ಕೆ ಮುಗಿಸೋ ಬಸ್ ಟೂರ್ ಮಾತ್ರ ಬುಕ್ ಮಾಡ್ಬೇಡಿ ಅಂತ ಕೈಮುಗಿದು ಕೇಳ್ಕೋತೀನಿ. ನಾವು ನವೆಂಬರ್ ಮಧ್ಯದಲ್ಲಿ ಹೋಗಿ ಬಂದ್ವಿ. ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ಆ ಒಂದು ಕಂಪನಿ ಬಿಟ್ಟು ಬೇರೇದು ಹಿಡಿದ್ರೂ ರಸ್ತೆ ಅದೇ, ದೂರ ಅದೇ, ಕತ್ತಲೆಯೂ ಅದೇ.

ಮೊದಲು ದೂರದ ಲೆಕ್ಕ ನೋಡಿ. ಎಡಿನ್‌ಬರಾದಿಂದ ಕ್ಯಾಲಂಡರ್ ಮೇಲೆ ಗ್ಲೆನ್‌ಕೋ, ಫೋರ್ಟ್ ವಿಲಿಯಂ, ಆಮೇಲೆ ಫೋರ್ಟ್ ಅಗಸ್ಟಸ್, ವಾಪಸ್ ಪಿಟ್ಲಾಕ್ರಿ ಕಡೆಯಿಂದ ಬರೋಷ್ಟರಲ್ಲಿ 500 ಕಿಲೋಮೀಟರ್ ದಾಟಿರುತ್ತೆ, ಅದರಲ್ಲಿ ಬಹುಪಾಲು ಎದುರುಬದುರು ಒಂದೊಂದೇ ಲೇನ್ ಇರೋ ಬೆಟ್ಟದ ರಸ್ತೆ, ಮುಂದೆ ಒಂದು ಲಾರಿ ಸಿಕ್ಕಿದ್ರೆ ಅದರ ಹಿಂದೆಯೇ ತೆವಳ್ಬೇಕು. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರೋ ಟೂರ್‌ನಲ್ಲಿ ಇಳಿದು ಓಡಾಡೋಕೆ ಸಿಗೋದು ಎಲ್ಲ ಸೇರಿ ಮೂರು ಗಂಟೆ ಅಂದ್ರೆ ಹೆಚ್ಚು.

ಆ ಮೂರು ಗಂಟೆನೂ ಎಲ್ಲಿ ಹೋಗುತ್ತೆ ಗೊತ್ತಾ? ನಮ್ಮ ಬಸ್ ಉದ್ದನೆ ಕೂದಲಿನ ಹೈಲ್ಯಾಂಡ್ ಹಸು ತೋರಿಸ್ತೀವಿ ಅಂತ ಒಂದು ಉಣ್ಣೆ ಬಟ್ಟೆ ಅಂಗಡಿ ಮುಂದೆ ಮುಕ್ಕಾಲು ಗಂಟೆ ನಿಂತಿತ್ತು. ಗ್ಲೆನ್‌ಕೋದಲ್ಲಿ ಹತ್ತೇ ನಿಮಿಷ! ನಮ್ಮಪ್ಪ ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿ ರಿಟೈರ್ ಆದೋರು. 1692ರ ಫೆಬ್ರವರಿ 13ರ ಬೆಳಗಿನ ಜಾವ ಅಲ್ಲಿ ಮ್ಯಾಕ್‌ಡೊನಾಲ್ಡ್ ಕುಲದವರ ಮನೆಗಳಲ್ಲಿ ಹನ್ನೆರಡು ದಿನದ ಮಟ್ಟಿಗೆ ಅತಿಥಿಗಳಾಗಿ ಉಂಡು ಮಲಗಿದ್ದ ಸೈನಿಕರೇ ಎದ್ದು ಮನೆಯವರನ್ನ ಕೊಂದಿದ್ದು, ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ಅಂತ ಹಿಂದಿನ ರಾತ್ರಿಯೆಲ್ಲ ನಮಗೆ ಹೇಳ್ತಿದ್ರು, ಆ ಕಣಿವೆ ನೋಡ್ಬೇಕು ಅಂತಾನೇ ಅವರು ಬಂದಿದ್ದು. ಕಾರ್ ಪಾರ್ಕಲ್ಲಿ ಇಳಿದು ಮಫ್ಲರ್ ಸುತ್ಕೊಂಡು, ತ್ರೀ ಸಿಸ್ಟರ್ಸ್ ಅನ್ನೋ ಆ ಮೂರು ಬೆಟ್ಟದ ಕಡೆ ತಿರುಗೋಷ್ಟರಲ್ಲಿ ಡ್ರೈವರ್ ಹಾರನ್ ಹೊಡೆದ. ಅಪ್ಪ ಒಂದು ಮಾತೂ ಆಡ್ಲಿಲ್ಲ, ಸುಮ್ನೆ ಬಂದು ಕೂತ್ರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಇನ್ನು ಟಾಯ್ಲೆಟ್ ವಿಷಯ. ಇದನ್ನ ನಾಚ್ಕೊಳ್ದೆ ಬರೀಬೇಕು, ಯಾಕಂದ್ರೆ ಯಾರೂ ಬರೆಯಲ್ಲ. ಮಿನಿ ಬಸ್‌ಗಳಲ್ಲಿ ಟಾಯ್ಲೆಟ್ ಇರಲ್ಲ. ಎರಡು ಗಂಟೆ ನಿಲ್ಸಲ್ಲ ಅಂತ ಡ್ರೈವರ್ ಹೇಳಿದ್ದು ಕೇಳಿ ಅಮ್ಮ ನೀರು ಕುಡಿಯೋದನ್ನೇ ಬಿಟ್ಟುಬಿಟ್ರು, ಬಾಟಲಿ ತೊಡೆ ಮೇಲೆ ಇಟ್ಕೊಂಡು ಮುಚ್ಚಳ ತೆಗೆಯೋದು, ಮತ್ತೆ ಹಾಕೋದು, ಕೇಳಿದ್ರೆ ಬಾಯಾರಿಕೆ ಇಲ್ಲ ಕಣೇ ಅನ್ನೋದು. ಅಪ್ಪಂಗೆ ಶುಗರ್, ಒಂದು ಗಂಟೆಗೆ ಊಟ ಆಗ್ಲೇಬೇಕು, ಬಸ್ಸು ಫೋರ್ಟ್ ವಿಲಿಯಂ ಮುಟ್ಟಿದ್ದು ಎರಡೂವರೆಗೆ. ಚಪಾತಿ ಪಲ್ಯ ಕಟ್ಕೊಂಡು ಹೋಗಿದ್ವಿ, ಬಸ್ಸಲ್ಲಿ ತಿನ್ನೋ ಹಾಗಿಲ್ಲ ಅಂದ್ರು. ಶುಗರ್ ಇದೆ ಅಂತ ನಾನು ಎರಡು ಸಲ ಹೇಳಿದ್ಮೇಲೆ ಬಿಸ್ಕತ್ ತಿನ್ನೋಕೆ ಬಿಟ್ಟ.

ಲಾಕ್ ನೆಸ್ ಕಥೆ ಕೇಳಿ. 37 ಕಿಲೋಮೀಟರ್ ಉದ್ದದ ಸರೋವರ ಅದು, ಟೂರ್ ಬಸ್ ನಿಲ್ಲೋದು ಅದರ ಒಂದು ತುದಿಯಲ್ಲಿ, ಫೋರ್ಟ್ ಅಗಸ್ಟಸ್‌ನಲ್ಲಿ. ಜಾಹೀರಾತಲ್ಲಿ ಹಾಕಿದ್ದ ಫೋಟೋ ಅರ್ಕಟ್ ಕೋಟೆದು. ಅದು ಡ್ರಮ್ನಡ್ರಾಕಿಟ್ ಅನ್ನೋ ಊರಿನ ಹತ್ರ, ಇನ್ನೂ ಅರ್ಧ ಗಂಟೆ ದಾರಿ, ನಮ್ಮ ಬಸ್ ಆ ಕಡೆ ತಲೆಯೇ ಹಾಕ್ಲಿಲ್ಲ. ಬರೀ ಮೂಗಿಗೆ ತುಪ್ಪ ಸವರೋ ಕೆಲಸ. ನಾವು ತಲುಪಿದ್ದು ನಾಲ್ಕೂವರೆಗೆ, ಅಲ್ಲಿ ನವೆಂಬರ್ ಮಧ್ಯದಲ್ಲಿ ಸೂರ್ಯ ಮುಳುಗೋದೇ ನಾಲ್ಕರ ಆಸುಪಾಸು, ಡಿಸೆಂಬರ್‌ನಲ್ಲಿ ಇನ್ನೂ ಬೇಗ. ನೀರು ಯಾವುದು ದಡ ಯಾವುದು ಗೊತ್ತಾಗ್ದಷ್ಟು ಕತ್ತಲೆ, ಕೊನೆ ಬೋಟ್ ಹೋಗಿಯಾಗಿತ್ತು. ಬೋಟ್ ಟಿಕೆಟ್ ದುಡ್ಡು ಮಾತ್ರ ಬೆಳಿಗ್ಗೆ ಬಸ್ಸಲ್ಲೇ ವಸೂಲಿ ಮಾಡಿದ್ರು! ದಾರಿಯಲ್ಲಿ ರಸ್ತೆ ಕೆಲಸ ಇತ್ತು, ನಾವೇನು ಮಾಡೋಣ ಅಂದ್ರು, ಸರಿ, ಹಾಗಾದ್ರೆ ಅಂಗಡಿ ಮುಂದೆ ನಿಲ್ಸಿದ್ದ ಮುಕ್ಕಾಲು ಗಂಟೆ ಯಾಕೆ ಕಡಿಮೆ ಮಾಡ್ಲಿಲ್ಲ?

ದುಡ್ಡು ವಾಪಸ್ ಕೇಳೋದು ಇನ್ನೊಂದು ತಲೆನೋವು. ಬುಕಿಂಗ್ ವೆಬ್‌ಸೈಟ್‌ನವರು ಟೂರ್ ಕಂಪನಿನ ಕೇಳಿ ಅಂತಾರೆ, ಅವರು ವೆಬ್‌ಸೈಟ್ ಕಡೆ ಕೈ ತೋರಿಸ್ತಾರೆ. ಬ್ರಿಟನ್ನಿನ 2018ರ ಪ್ಯಾಕೇಜ್ ಟೂರ್ ನಿಯಮಗಳು 24 ಗಂಟೆಗಿಂತ ಕಡಿಮೆ, ರಾತ್ರಿ ತಂಗೋದು ಇಲ್ಲದ ಟೂರ್‌ಗೆ ಅನ್ವಯ ಆಗಲ್ಲ, ಆ ರಕ್ಷಣೆ ನೆಚ್ಕೊಂಡು ಕೂರ್ಬೇಡಿ. ಆದ್ರೆ 2015ರ ಗ್ರಾಹಕ ಹಕ್ಕು ಕಾಯ್ದೆ ಇದೆ, ಬುಕ್ ಮಾಡೋ ಮುಂಚೆ ಅವರು ಏನು ಹೇಳಿದ್ರು, ಏನು ಬರೆದಿದ್ರು ಅನ್ನೋದನ್ನ ನಂಬಿ ನೀವು ದುಡ್ಡು ಕಟ್ಟಿದ್ರೆ ಅದಕ್ಕೆ ಅವರು ಬದ್ಧರಾಗಿರ್ಬೇಕು. ಹಾಗಾಗಿ ಆ ಪೇಜಿನ ಸ್ಕ್ರೀನ್‌ಶಾಟ್ ತೆಗೆದಿಡಿ, ಕಾರ್ಡಲ್ಲೇ ದುಡ್ಡು ಕಟ್ಟಿ, ಬ್ಯಾಂಕಿಗೆ ಚಾರ್ಜ್‌ಬ್ಯಾಕ್, ಅಂದ್ರೆ ಕಾರ್ಡಲ್ಲಿ ಕಟ್ಟಿದ ದುಡ್ಡು ವಾಪಸ್ ಕೊಡಿಸಿ ಅನ್ನೋ ಅರ್ಜಿ, ಹಾಕೋಕೆ ಬರುತ್ತೆ. ನಮಗೆ ಬೋಟ್ ದುಡ್ಡು ಬಂದಿದ್ದು ಹಾಗೇನೇ.

ಹೋಗ್ಲೇಬೇಕು ಅಂದ್ರೆ ಮೇ, ಜೂನ್‌ನಲ್ಲಿ ಹೋಗಿ, ರಾತ್ರಿ ಒಂಬತ್ತಾದ್ರೂ ಬೆಳಕಿರುತ್ತೆ. ಇಲ್ಲಾಂದ್ರೆ ಇನ್ವರ್ನೆಸ್‌ನಲ್ಲಿ ಒಂದು ರಾತ್ರಿ ಉಳ್ಕೊಂಡು ಬೆಳಿಗ್ಗೆ ಮಾಮೂಲಿ ಬಸ್ ಹತ್ತಿದ್ರೆ ಡ್ರಮ್ನಡ್ರಾಕಿಟ್ ಅರ್ಧ ಗಂಟೆ ಅಷ್ಟೇ. ಚಳಿಗಾಲದಲ್ಲೇ ಎಡಿನ್‌ಬರಾಗೆ ಬಂದಿದ್ರೆ ಸ್ಟರ್ಲಿಂಗ್ ಕೋಟೆ ನೋಡಿ, ರೈಲಲ್ಲಿ ಒಂದು ಗಂಟೆಯೂ ಬೇಡ, ದೊಡ್ಡೋರು ತಮಗೆ ಬೇಕಾದಷ್ಟು ಹೊತ್ತು ನಿಂತು ನೋಡ್ಬಹುದು. ಟೂರೇ ಬೇಕು ಅನ್ನೋರು ಬುಕ್ ಮಾಡೋ ಮುಂಚೆ ಪ್ರತಿ ಜಾಗದಲ್ಲಿ ಎಷ್ಟು ನಿಮಿಷ ನಿಲ್ಲಿಸ್ತೀರಾ, ಲಾಕ್ ನೆಸ್‌ಗೆ ಎಷ್ಟು ಗಂಟೆಗೆ ತಲುಪಿಸ್ತೀರಾ, ಟಾಯ್ಲೆಟ್ ಎಲ್ಲೆಲ್ಲಿ ಅಂತ ಈಮೇಲಲ್ಲಿ ಕೇಳಿ. ಬರವಣಿಗೆಯಲ್ಲಿ ಉತ್ತರ ಕೊಡದೇ ಇದ್ರೆ ದುಡ್ಡು ಕಟ್ಬೇಡಿ.